ವೆಜ್ಜಾ, ನಾನ್‌ವೆಜ್ಜಾ: ಬಾಡಿಗೆ ಮನೆಯ ಚರಿತ್ರೆ

ಕೋಗಿಲು ಕ್ರಾಸಿನಿಂದ ಒಳಗೆ ಹೊಸದಾಗಿ ಎದ್ದ ಅಪಾರ್ಟ್‌ಮೆಂಟು. ಗೃಹಪ್ರವೇಶದ ಮಾವಿನ ತೋರಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಎರಡು ರೂಮು, ಹತ್ತು ತಿಂಗಳ ಅಡ್ವಾನ್ಸು, ಎಲ್ಲಕ್ಕೂ ಒಪ್ಪಿದ್ದಾಯಿತು. ಮೆಟ್ಟಿಲಿಳಿಯುವಾಗ ಮಾಲೀಕರು ಕೇಳಿದರು: 'ನಿಮ್ಮದು ವೆಜ್ಜಾ ಸಾರ್?' ಅಲ್ಲ ಅಂದೆ. 'ಅಂದ್ರೆ, ಏನ್ ಜನ ನೀವು?' ಹೇಳಿದೆ. 'ಮನೆಯೋರನ್ನ ಒಂದ್ಮಾತು ಕೇಳಿ ಫೋನ್ ಮಾಡ್ತೀನಿ' ಅಂದರು. ಫೋನು ಬರಲಿಲ್ಲ. ಟು-ಲೆಟ್ ಬೋರ್ಡು ಮಾತ್ರ ಹದಿನೈದು ದಿನ ನೇತಾಡುತ್ತಲೇ ಇತ್ತು. ಮಾಲೀಕರೂ ಕುರಿ ಕೋಳಿ ತಿನ್ನುವ ಜಾತಿಯವರೇ ಎಂದು ಬ್ರೋಕರು ಆಮೇಲೆ ಹೇಳಿದ.

ಈ 'ಮನೆಯೋರನ್ನ ಕೇಳಿ' ಎಂಬ ಮಾತಿಗೆ ನೂರು ವರ್ಷಕ್ಕೂ ಮಿಕ್ಕ ಚರಿತ್ರೆಯಿದೆ. 1917ರಲ್ಲಿ ಕೊಲಂಬಿಯಾ, ಲಂಡನ್ನುಗಳಲ್ಲಿ ಓದಿ ಬಂದ ಅಂಬೇಡ್ಕರ್ ಬರೋಡ ಸಂಸ್ಥಾನದ ನೌಕರಿಗೆ ಹೋದಾಗ ಅವರಿಗೆ ಉಳಿಯಲು ಜಾಗವಿರಲಿಲ್ಲ. ಪಾರ್ಸಿಗಳಿಗೆಂದೇ ಇದ್ದ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರು ಬರೆಸಿ ಸೇರಿಕೊಂಡರು. ಹನ್ನೊಂದನೆಯ ದಿನ ಹತ್ತು ಹನ್ನೆರಡು ಪಾರ್ಸಿಗಳು ದೊಣ್ಣೆ ಹಿಡಿದು ಬಂದು, ಸಂಜೆಯೊಳಗೆ ಖಾಲಿ ಮಾಡು ಎಂದರು. ಹಿಂದೂ ಗೆಳೆಯ, ನೀನು ಬಂದರೆ ಆಳುಗಳು ಬಿಟ್ಟುಹೋಗುತ್ತಾರೆ ಎಂದ. ಕ್ರೈಸ್ತ ಗೆಳೆಯ, ಹೆಂಡತಿಯನ್ನು ಕೇಳಬೇಕು ಎಂದ. ಕಾಮಾಟಿ ಬಾಗ್ ಉದ್ಯಾನದಲ್ಲಿ ಹೊತ್ತು ಕಳೆದು, ರಾತ್ರಿಯ ರೈಲಿಗೆ ಅಂಬೇಡ್ಕರ್ ಮುಂಬಯಿಗೆ ಮರಳಿದರು. ಸಂಸ್ಥಾನದ ದೊರೆ ಕೊಟ್ಟ ವಿದ್ಯಾರ್ಥಿವೇತನದಲ್ಲಿ ಓದಿದವನಿಗೆ ಆ ದೊರೆಯ ಊರಲ್ಲಿ ಒಂದು ಕೋಣೆ ಸಿಗಲಿಲ್ಲ, ನೋಡಿ.

ಬೆಂಗಳೂರೇನೂ ಬೇರೆಯಲ್ಲ. 1898ರ ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರಗಳು ಗಾಳಿ ಬೆಳಕಿನ ಬಡಾವಣೆಗಳಾಗಿ ಬೆಳೆದಾಗ ನಿವೇಶನಗಳನ್ನು ಜಾತಿಮತಗಳ ಲೆಕ್ಕದಲ್ಲೇ ವಿಂಗಡಿಸಲಾಯಿತು. ಊರು-ಕೇರಿಯ ಗೆರೆ ನಗರದ ನಕ್ಷೆಗೂ ಬಂತು.

ಕಾನೂನು ಇಲ್ಲವೆಂದಲ್ಲ. 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಹೆಸರು ಬದಲಿಸಿಕೊಂಡ 1955ರ ಕಾಯ್ದೆ, ಯಾವುದೇ ಪ್ರದೇಶದಲ್ಲಿ ಮನೆ ಕಟ್ಟಲು, ಪಡೆಯಲು, ವಾಸಿಸಲು ಅಸ್ಪೃಶ್ಯತೆಯ ಕಾರಣದಿಂದ ಅಡ್ಡಿ ಮಾಡುವುದನ್ನು ಅಪರಾಧವೆನ್ನುತ್ತದೆ. ಆದರೆ ಬಾರದ ಫೋನಿನ ಮೇಲೆ ಯಾವ ಠಾಣೆಯಲ್ಲಿ ದೂರು ಬರೆಸುವುದು? ಇನ್ನೊಂದು ಕಡೆ, 2005ರಲ್ಲಿ ಸುಪ್ರೀಂ ಕೋರ್ಟು ಅಹಮದಾಬಾದಿನ ಸಹಕಾರಿ ಗೃಹನಿರ್ಮಾಣ ಸಂಘವೊಂದರ ಸದಸ್ಯತ್ವ ಪಾರ್ಸಿಗಳಿಗೆ ಮಾತ್ರ ಎಂಬ ಉಪನಿಯಮವನ್ನು ಎತ್ತಿಹಿಡಿಯಿತು. ಬರೋಡದ ದೊಣ್ಣೆಯನ್ನು ಬಲ್ಲವರಿಗೆ ಈ ತೀರ್ಪನ್ನು ತಣ್ಣಗೆ ಓದುವುದು ಕಷ್ಟ.

2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಯಲಹಂಕದ ಆಚೀಚಿನ ಹೊಲಗಳು ಅಪಾರ್ಟ್‌ಮೆಂಟುಗಳಾದವು. 2025ರ ಡಿಸೆಂಬರಿನಲ್ಲಿ ಇದೇ ಕೋಗಿಲು ಬಡಾವಣೆಯ ಫಕೀರ್ ಕಾಲೊನಿ, ವಸೀಂ ಲೇಔಟುಗಳ ಬಡವರ ಮನೆಗಳನ್ನು ಸರ್ಕಾರಿ ಜಾಗದ ಒತ್ತುವರಿ ಎಂದು ಕೆಡವಿದರು. ಬಾಡಿಗೆಗೆ ಸಿಗದ, ಕೊಳ್ಳಲಾಗದ ಜನ ಮತ್ತೆಲ್ಲಿ ಕಟ್ಟಿಕೊಳ್ಳಬೇಕಿತ್ತು?

ನಮ್ಮ ಹುಡುಗರು ಈಗ ಉಪಾಯ ಕಲಿತಿದ್ದಾರೆ. 'ಗೌಡ್ರು' ಅಂತ ಹೇಳಿ ಮನೆ ಹಿಡಿಯುತ್ತಾರೆ. ಪಾರ್ಸಿ ಹೆಸರು ಬರೆಸಿದಂತೆಯೇ ಇದು. ಇದನ್ನು ಸುಳ್ಳು ಎನ್ನಲು ನನಗೆ ಬಾಯಿ ಬರುವುದಿಲ್ಲ. ಮೀನು ಹುರಿದರೆ ಕಿಟಕಿ ಮುಚ್ಚುತ್ತಾರೆ. ಪರಿಚಯದ ಒಬ್ಬಾತನ ಮನೆಯಲ್ಲಿ ಅಂಬೇಡ್ಕರರ ಪಟ ಬೀರುವಿನೊಳಗಿದೆ. ಓನರ್ರು ಊರಿಗೆ ಹೋದ ದಿನ ಅದನ್ನು ಹೊರಗೆ ತೆಗೆದು ಟೀವಿ ಪಕ್ಕ ಇಡುತ್ತಾನೆ.