ಮಾನವ-ಗಣಕ ಅಂತರಕ್ರಿಯೆ: ಒಂದು ಅಧ್ಯಯನ ವಿಷಯ ಬೆಳೆದ ಬಗೆ

ವಿಜ್ಞಾನದಲ್ಲಿ ಪದವಿ ಪಡೆದ ವಿದ್ಯಾರ್ಥಿ ಸ್ನಾತಕೋತ್ತರ ಮಟ್ಟದಲ್ಲಿ 'ಮಾನವ-ಗಣಕ ಅಂತರಕ್ರಿಯೆ'ಯನ್ನು ಓದುತ್ತೇನೆಂದರೆ, 'ಪರದೆಗೆ ಬಣ್ಣ ಹಚ್ಚಲು ಇಷ್ಟೊಂದು ಓದು ಬೇಕೇ?' ಎಂದು ಕೇಳುವವರಿದ್ದಾರೆ. ಅಂಥವರಿಗೆ ನೀವು ಈ ವಿಷಯದ ಚರಿತ್ರೆಯನ್ನು ಹೇಳಿ. ಅದರಲ್ಲಿ ಬಣ್ಣಕ್ಕಿಂತ ಅಳತೆಯೇ ಹೆಚ್ಚು.

ಅಮೆರಿಕದ ಮನೋವಿಜ್ಞಾನಿ ಪಾಲ್ ಫಿಟ್ಸ್ 1954ರಲ್ಲಿ ಪ್ರಕಟಿಸಿದ ಪ್ರಯೋಗ ಬಹಳ ಸರಳ. ಎರಡು ಲೋಹದ ಪಟ್ಟಿಗಳನ್ನು ಕಡ್ಡಿಯಿಂದ ಒಂದಾದ ಮೇಲೊಂದರಂತೆ ಬೇಗಬೇಗ ಮುಟ್ಟಬೇಕು. ಪಟ್ಟಿಗಳು ದೂರವಾದಷ್ಟೂ, ಕಿರಿದಾದಷ್ಟೂ ಸಮಯ ಹೆಚ್ಚು ಬೇಕು. ಇದನ್ನು ಯಾರಾದರೂ ಊಹಿಸಬಹುದು. ಫಿಟ್ಸ್ ತೋರಿಸಿದ್ದು, ಆ ಸಮಯ ದೂರ ಮತ್ತು ಅಗಲಗಳ ಅನುಪಾತದ ಲಾಗರಿದಮ್ ಅನ್ನು ಅನುಸರಿಸುತ್ತದೆ ಎಂಬುದನ್ನು. ಅಂದರೆ ಎರಡನ್ನೂ ಇಮ್ಮಡಿಗೊಳಿಸಿದರೆ ಸಮಯ ಹೆಚ್ಚುಕಡಿಮೆ ಅಷ್ಟೇ! ಈ ಸೂತ್ರಕ್ಕೆ ಪ್ರೇರಣೆ, 1948ರಲ್ಲಿ ಕ್ಲಾಡ್ ಶ್ಯಾನನ್ ಮಂಡಿಸಿದ ಮಾಹಿತಿ ಸಿದ್ಧಾಂತ.

ಅದೇ ಶ್ಯಾನನ್ ಎಂ.ಐ.ಟಿ.ಯಲ್ಲಿ ಐವನ್ ಸದರ್‌ಲ್ಯಾಂಡ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ಮಾರ್ಗದರ್ಶಕರಾಗಿದ್ದರು. ಬಹುಪಾಲು ಬಳಕೆದಾರರು ರಂಧ್ರ ಕೊರೆದ ಕಾರ್ಡುಗಳನ್ನು ಕೊಟ್ಟು ಉತ್ತರಕ್ಕಾಗಿ ಕಾಯುತ್ತಿದ್ದ ಕಾಲವದು. 1963ರ ಪಿಎಚ್.ಡಿ. ಪ್ರಬಂಧಕ್ಕಾಗಿ ಸದರ್‌ಲ್ಯಾಂಡ್ ರೂಪಿಸಿದ 'ಸ್ಕೆಚ್‌ಪ್ಯಾಡ್'ನಲ್ಲಿ ಲೈಟ್ ಪೆನ್ ಹಿಡಿದು ಪರದೆಯ ಮೇಲೆಯೇ ಗೆರೆ ಎಳೆಯಬಹುದಿತ್ತು. ಎರಡು ಗೆರೆಗಳು ಸಮಾಂತರವಾಗಿರಲಿ ಎಂದು ಸೂಚಿಸಿದರೆ ಗಣಕವೇ ಅವನ್ನು ಸರಿಪಡಿಸುತ್ತಿತ್ತು.

ಈ ಎರಡು ಎಳೆಗಳು ಕೂಡಿದ್ದು ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ಓದಿದ ಸ್ಟುವರ್ಟ್ ಕಾರ್ಡ್, ವಿಲಿಯಂ ಇಂಗ್ಲಿಷ್ ಮತ್ತು ಬೆಟ್ಟಿ ಬರ್ ಅವರೊಡನೆ ಮೌಸ್, ಜಾಯ್‌ಸ್ಟಿಕ್ ಮತ್ತು ಕೀಲಿಗಳನ್ನು ಹೋಲಿಸಿ 1978ರಲ್ಲಿ ಫಲಿತಾಂಶ ಪ್ರಕಟಿಸಿದರು. (ಮೊದಲ ಮೌಸ್ ಅನ್ನು ಎಂಗೆಲ್‌ಬಾರ್ಟ್‌ಗಾಗಿ ತಯಾರಿಸಿದವರು ಇದೇ ಇಂಗ್ಲಿಷ್.) ಮೌಸ್ ಗೆದ್ದಿತು. ಆದರೆ ನನ್ನ ದೃಷ್ಟಿಯಲ್ಲಿ ನಿಜವಾದ ಫಲಿತಾಂಶ ಬೇರೆ. ಮೌಸ್‌ನ ಸಮಯಗಳು ಫಿಟ್ಸ್ ನಿಯಮವನ್ನು ಪಾಲಿಸಿದವು. ರೇಖೆಯ ಇಳಿಜಾರೂ ಬರಿಗೈಯ ಚಲನೆಗೆ ಸಿಗುವಷ್ಟೇ ಇತ್ತು. ಅಂದಮೇಲೆ ತಡವಾಗುತ್ತಿದ್ದುದು ಕಣ್ಣು-ಕೈಗಳ ಹೊಂದಾಣಿಕೆಯಲ್ಲಿ. ಯಂತ್ರವನ್ನು ಇನ್ನೆಷ್ಟು ನಯಗೊಳಿಸಿದರೂ ಗಳಿಸುವುದು ಅಲ್ಪ.

ಮುಂದಿನದು ಬೇಗ ನಡೆಯಿತು. 1983ರಲ್ಲಿ ಕಾರ್ಡ್, ಮೊರಾನ್ ಮತ್ತು ನ್ಯೂವೆಲ್ ಅವರ ಗ್ರಂಥ ಬಂತು. 1992ರಲ್ಲಿ ಎ.ಸಿ.ಎಂ. ಸಂಸ್ಥೆಯ ತಂಡ ಪಠ್ಯಕ್ರಮದ ಶಿಫಾರಸು ಪ್ರಕಟಿಸಿತು. 1994ರಲ್ಲಿ ಕಾರ್ನೆಗಿ ಮೆಲನ್‌ನಲ್ಲಿ ಇದಕ್ಕೆಂದೇ ಒಂದು ಸಂಸ್ಥೆ ಆರಂಭವಾಯಿತು.

ಫಿಟ್ಸ್ ಪ್ರಯೋಗಕ್ಕೆ ಗಣಕವೂ ಬೇಡ. ಬೇರೆ ಬೇರೆ ಅಗಲದ ಕಾಗದದ ಪಟ್ಟಿಗಳನ್ನು ಮೇಜಿಗೆ ಅಂಟಿಸಿ. ಪೆನ್ಸಿಲ್‌ನಿಂದ ಇಪ್ಪತ್ತು ಸಲ ಮುಟ್ಟಲು ತಗಲುವ ಸಮಯವನ್ನು ಸ್ಟಾಪ್‌ವಾಚ್‌ನಿಂದ ಅಳೆಯಿರಿ. ದೂರ-ಅಗಲಗಳ ಅನುಪಾತದ ಲಾಗರಿದಮ್‌ಗೆ ಎದುರಾಗಿ ಸಮಯವನ್ನು ಗುರುತಿಸಿ. ಬಿಂದುಗಳು ಹೆಚ್ಚುಕಡಿಮೆ ಒಂದು ಸರಳರೇಖೆಯ ಮೇಲೆ ಕೂರುತ್ತವೆ.