ಸ್ಯಾಂಪ್ಲರ್ ಮತ್ತು ನಾಸಿಕ್ ಡೋಲು

ಸ್ಯಾಂಪ್ಲರ್ ಎಂದರೆ ವಾದ್ಯದ ದನಿಯನ್ನು ತುಣುಕಾಗಿ ಹಿಡಿದಿಟ್ಟು, ಕೀಬೋರ್ಡ್ ಒತ್ತಿದಾಗ ಇಲ್ಲವೇ ರಿದಂ ಪ್ಯಾಡ್ ಬಡಿದಾಗ ಮರಳಿ ನುಡಿಸುವ ಉಪಕರಣ. ಇದರ ಚರಿತ್ರೆ ಮೂಲತಃ ಮೆಮೊರಿಯ ಕೊರತೆಯನ್ನು ನೀಗಿಸಿಕೊಂಡ ಚರಿತ್ರೆ. 1963ರ ಮೆಲೊಟ್ರಾನ್‌ನಲ್ಲಿ ಪ್ರತಿ ಕೀಲಿಗೂ ಒಂದೊಂದು ಟೇಪಿನ ಪಟ್ಟಿಯಿತ್ತು. ದನಿ ಸುಮಾರು ಎಂಟು ಸೆಕೆಂಡಿಗೆ ಮುಗಿದುಹೋಗುತ್ತಿತ್ತು. ಸಿಡ್ನಿಯ ಪೀಟರ್ ವೋಗೆಲ್ ಮತ್ತು ಕಿಮ್ ರೈರಿ 1979ರಲ್ಲಿ ತಂದ ಫೇರ್‌ಲೈಟ್ ಸಿಎಂಐ ದನಿಯನ್ನು ಅಂಕಿಗಳಾಗಿಸಿತು. 1981ರ ಎಮ್ಯುಲೇಟರ್, ಆ ದಶಕದ ನಡುವಿನ ಎನ್‌ಸೋನಿಕ್ ಮಿರಾಜ್ ಬೆಲೆಯನ್ನು ಇಳಿಸಿದವು. ಸಿ.ಡಿ. ಗುಣಮಟ್ಟಕ್ಕೆ ದನಿಯನ್ನು ಸೆಕೆಂಡಿಗೆ 44,100 ಸಲ ಅಳೆಯಬೇಕು. ಮೊನೊ ಆದರೂ 88,200 ಬೈಟ್ ಬೇಕು. ಮೆಮೊರಿ ದುಬಾರಿಯಾಗಿದ್ದಾಗ ಒಂದೇ ಪೆಟ್ಟು ಎಲ್ಲ ಪೆಟ್ಟುಗಳ ಕೆಲಸ ಮಾಡಬೇಕಾಗಿತ್ತು. 1998ರ ಗಿಗಾಸ್ಯಾಂಪ್ಲರ್ ತುಣುಕುಗಳನ್ನು ಹಾರ್ಡ್ ಡಿಸ್ಕಿನಿಂದಲೇ ಓದತೊಡಗಿದ ಮೇಲೆ ಮನೆಯ ಕಂಪ್ಯೂಟರಿನಲ್ಲೂ ಈ ಕಟ್ಟು ಸಡಿಲವಾಯಿತು.

ಆ ಸಡಿಲಿಕೆಯ ಬೆಲೆ ತಿಳಿಯಲು ನಾಸಿಕ್ ಡೋಲು ಒಳ್ಳೆಯ ಒರೆಗಲ್ಲು. ನಾಸಿಕ್, ಛತ್ರಪತಿ ಸಂಭಾಜಿನಗರಗಳ ಗಣೇಶ ಮೆರವಣಿಗೆಗಳಲ್ಲಿ ಮೊಳಗುವ, ಕರ್ನಾಟಕದ ಬೀದಿಗಳಿಗೂ ಬಂದಿರುವ ಈ ಡೋಲಿನ ಒಂದು ಮುಖಕ್ಕೆ ಟಿಪರು ಎಂಬ ಕೋಲು ಬೀಳುತ್ತದೆ, ಇನ್ನೊಂದಕ್ಕೆ ಅಂಗೈ. ಎರಡು ಪೆಟ್ಟುಗಳು ಎಂದೂ ಒಂದೇ ಆಗಿರುವುದಿಲ್ಲ. ಒಂದೇ ತುಣುಕನ್ನು ಬೇಗಬೇಗ ನುಡಿಸಿದರೆ ಕಿವಿಗೆ ಯಂತ್ರ ಕುಟ್ಟಿದಂತೆ ಕೇಳುತ್ತದೆ. ತುಣುಕು ಓಡುವ ವೇಗವನ್ನೇ ಇಮ್ಮಡಿಸಿದರೆ ಶ್ರುತಿ ಒಂದು ಸ್ಥಾಯಿ ಏರಿ ದನಿ ಅರ್ಧಕ್ಕೆ ಮೊಟಕಾಗುತ್ತದೆ. ಆದ್ದರಿಂದ ಮೆಲ್ಲನೆಯ, ಮಧ್ಯಮ, ಜೋರು ಪೆಟ್ಟುಗಳನ್ನು ನಾಲ್ಕು ನಾಲ್ಕು ಸಲ ಬೇರೆಬೇರೆಯಾಗಿ ಧ್ವನಿಮುದ್ರಿಸಿ, ಸರದಿಯಂತೆ ನುಡಿಸಬೇಕು. ಮೂರು ಸೆಕೆಂಡಿನ ಹನ್ನೆರಡು ಸ್ಟೀರಿಯೊ ತುಣುಕುಗಳಿಗೆ ಬೇಕಾಗುವುದು ಸುಮಾರು 6.4 ಎಂಬಿ, ಮೊಬೈಲಿನ ಒಂದೆರಡು ಫೋಟೊಗಳಷ್ಟು ಜಾಗ. ಇಂದು ಕೊರತೆಯಿರುವುದು ಕೇಳಿ ಆರಿಸುವ ತಾಳ್ಮೆಗೆ.

ಡೋಲು ಒಬ್ಬರ ವಾದ್ಯವಲ್ಲ, ತಂಡದ್ದು. ಅದನ್ನು ತುಣುಕಿನಲ್ಲಿ ಹಿಡಿಯಲಾಗದು ಎಂಬ ಆಕ್ಷೇಪದಲ್ಲಿ ಹುರುಳಿದೆ. ಒಂದೇ ಪೆಟ್ಟನ್ನು ಇಪ್ಪತ್ತು ಸಲ ಪೇರಿಸಿದರೆ ಸದ್ದು ಹೆಚ್ಚುತ್ತದೆ, ತಂಡ ಹುಟ್ಟುವುದಿಲ್ಲ. ಆದರೆ ಬೇರೆಬೇರೆ ವಾದಕರ ಪೆಟ್ಟುಗಳನ್ನು ಕೂದಲೆಳೆಯಷ್ಟು ಹಿಂದುಮುಂದಾಗಿ ಜೋಡಿಸಿದರೆ ಆ ಗುಂಪಿನ ಹರವು ಬಹುಮಟ್ಟಿಗೆ ಮರಳುತ್ತದೆ. ವಾದಕರ ಅನ್ನಕ್ಕೆ ಕಲ್ಲು ಬೀಳುತ್ತದೆ ಎಂಬ ಎರಡನೆಯ ಆಕ್ಷೇಪ ಇನ್ನೂ ಭಾರವಾದದ್ದು. ಬೀದಿಯ ಮೆರವಣಿಗೆಗೆ ತುಣುಕು ಎದುರಾಳಿಯಲ್ಲವಾದರೂ ಸ್ಟುಡಿಯೊ ಕೂಲಿಗೆ ಹೌದು. ಆದ್ದರಿಂದ ಸಿದ್ಧ ತುಣುಕು ಕೊಳ್ಳುವುದಕ್ಕಿಂತ ಊರಿನ ವಾದಕರನ್ನು ಕರೆದು, ಸಂಭಾವನೆ ಕೊಟ್ಟು, ಅವರ ಹೆಸರು ಹಾಕಿ ಮುದ್ರಿಸುವುದೇ ಸರಿ. ಆಗ ದನಿಗೆ ಊರೂ ಉಳಿಯುತ್ತದೆ, ಕೈಗೆ ಕೂಲಿಯೂ ಸಿಗುತ್ತದೆ.