ಹುಟ್ಟುಗುಣವೋ, ಬೆಳೆದ ಬಗೆಯೋ? ಕುಡಿತದ ಚಟದ ಜೈವಿಕ ಸೂಚಕಗಳ ಮರುಪರಿಶೀಲನೆ

ಹೆನ್ರಿ ಬೆಗ್ಲೈಟರ್ ಮತ್ತು ಸಂಗಡಿಗರು 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ಈ ಕ್ಷೇತ್ರಕ್ಕೆ ಇಂದಿಗೂ ಅಡಿಪಾಯ. ಮದ್ಯವ್ಯಸನಿ ತಂದೆಯರ, ಸ್ವತಃ ಮದ್ಯ ಮುಟ್ಟದ ಬಾಲಕರಲ್ಲಿ ಪಿ300 ಎಂಬ ಮಿದುಳಿನ ವಿದ್ಯುತ್ ಅಲೆ ತಗ್ಗಿರುವುದನ್ನು ಅವರು ತೋರಿಸಿದರು. ಅಂದಿನಿಂದ ಈ ತಗ್ಗನ್ನು ಆನುವಂಶಿಕ ದೌರ್ಬಲ್ಯದ ಗುರುತೆಂದು ಓದುವುದು ರೂಢಿಯಾಗಿದೆ. ಆ ಓದು ಅಪೂರ್ಣವೆಂಬುದು ಪ್ರಸ್ತುತ ಲೇಖನದ ವಾದ.

ಮೂಲ ಫಲಿತಾಂಶದ ಬಗ್ಗೆ ತಕರಾರಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿವೇಕ್ ಬೆನೆಗಲ್, ಸಂಜೀವ್ ಜೈನ್ ಮೊದಲಾದವರು 1995ರಲ್ಲಿ ಇದನ್ನೇ ಕಂಡರು: ವ್ಯಸನಿಗಳ ಹತ್ತಿರದ ಗಂಡು ರಕ್ತಸಂಬಂಧಿಗಳಲ್ಲಿ ಅಪಾಯ ಏರಿದಂತೆ ಪಿ300ರ ಎತ್ತರ ಇಳಿಯುತ್ತದೆ. ಇಂಥ ಕುಟುಂಬಗಳ, ಇನ್ನೂ ಕುಡಿಯದ ಮಕ್ಕಳಲ್ಲಿ ಮಿದುಳಿನ ಬೂದು ದ್ರವ್ಯವೂ ಕಡಿಮೆಯೆಂದು 2007ರಲ್ಲಿ ಅದೇ ಸಂಸ್ಥೆಯಿಂದ ವರದಿಯಾಯಿತು.

ವಿವಾದವಿರುವುದು ಅರ್ಥೈಸುವಲ್ಲಿ. ಪಿ300ನ್ನು ಅಳೆಯುವ ಒಂದು ಸಾಮಾನ್ಯ ವಿಧಾನದಲ್ಲಿ ನೆತ್ತಿಗೆ ವಿದ್ಯುದ್ವಾರಗಳನ್ನು ಅಂಟಿಸಿ, ಒಂದೇ ಬಗೆಯ ಸದ್ದುಗಳ ನಡುವೆ ಆಗೊಮ್ಮೆ ಈಗೊಮ್ಮೆ ಬೇರೆ ಸದ್ದು ಕೇಳಿಸುತ್ತಾರೆ. ಆ ಅಪರೂಪದ ಸದ್ದನ್ನು ಮಗು ಗುರುತಿಸಿದಾಗ, ಸುಮಾರು 300 ಮಿಲಿಸೆಕೆಂಡುಗಳ ಬಳಿಕ ಅಲೆ ಏಳುತ್ತದೆ. ಅಂದರೆ ಅಳತೆಗೆ ಸಿಗುವುದು ಗಮನ ಕೊಡುವ ಸಾಮರ್ಥ್ಯ. ಅದು ವಯಸ್ಸಿನೊಡನೆ ಮಾಗುವಂಥದ್ದು. ಪೋಲಿಚ್ ಮತ್ತಿತರರ 1994ರ ಸಮಗ್ರ ವಿಶ್ಲೇಷಣೆಯಲ್ಲಿ ಈ ವ್ಯತ್ಯಾಸ ಎಳೆಯರಲ್ಲೇ ಹೆಚ್ಚು ಎದ್ದು ಕಂಡದ್ದು ಗಮನಾರ್ಹ.

ಬಾಲ್ಯದ ಪಾತ್ರವನ್ನು ಅರಿಯಲು ಕೋತಿಗಳ ಪುರಾವೆ ದಿಕ್ಕು ತೋರುತ್ತದೆ. ಹಿಗ್ಲಿ, ಸುವೋಮಿ, ಲಿನ್ನೋಯ್ಲ ಅವರ 1991ರ ಅಧ್ಯಯನದಲ್ಲಿ ಮೊದಲ ಆರು ತಿಂಗಳು ತಾಯಿಯಿಲ್ಲದೆ, ಓರಗೆಯ ಮರಿಗಳೊಂದಿಗಷ್ಟೇ ಬೆಳೆದ ರೀಸಸ್ ಕೋತಿಗಳು ದೊಡ್ಡವಾದ ಮೇಲೆ ಹೆಚ್ಚು ಮದ್ಯ ಕುಡಿದವು. ತಾಯಿಯ ಮಡಿಲಲ್ಲಿ ಬೆಳೆದವನ್ನೂ ಗುಂಪಿನಿಂದ ಬೇರ್ಪಡಿಸಿದಾಗ ಅವುಗಳ ಕುಡಿತ ಏರಿತು. ಹೆಚ್ಚು ಕುಡಿಯುವ ಕೋತಿಗಳ ಮಿದುಳು-ಬಳ್ಳಿ ದ್ರವದಲ್ಲಿ ಸಿರೊಟೋನಿನ್ ಎಂಬ ಮಿದುಳಿನ ರಾಸಾಯನಿಕದ ವಿಘಟಿತ ಅಂಶ ಕಡಿಮೆ. ಆದರೆ ತಾಯಿಯಿಲ್ಲದ ಪಾಲನೆಯೇ ಆ ಅಂಶವನ್ನು ತಗ್ಗಿಸುತ್ತದೆ. ಸೂಚಕವೆಂದು ನಾವು ಅಳೆಯುವುದರೊಳಗೇ ಬಾಲ್ಯ ಬೆರೆತಿದೆ.

ಹಾಗೆಂದು ಅನುವಂಶೀಯತೆಯನ್ನು ತಳ್ಳಿಹಾಕುವಂತಿಲ್ಲ. ಬಾರ್ ಮತ್ತಿತರರು 2004ರಲ್ಲಿ ತೋರಿಸಿದಂತೆ, ಸಿರೊಟೋನಿನ್ ಸಾಗಣೆಯ ವಂಶವಾಹಿಯ ಒಂದು ರೂಪ ಮತ್ತು ತಾಯಿಯಿಲ್ಲದ ಪಾಲನೆ ಒಟ್ಟು ಸೇರಿದಾಗ ಹೆಣ್ಣು ಕೋತಿಗಳಲ್ಲಿ ಮದ್ಯದ ಒಲವು ಹೆಚ್ಚುತ್ತದೆ. ಕೋತಿಯ ಸಿರೊಟೋನಿನ್ ಮತ್ತು ಮನುಷ್ಯನ ಪಿ300 ಬೇರೆ ಬೇರೆ ಅಳತೆಗಳು. ಒಂದರ ತೀರ್ಮಾನ ಇನ್ನೊಂದಕ್ಕೆ ನೇರವಾಗಿ ಸಲ್ಲದು. ಆದ್ದರಿಂದ ನನ್ನ ವಾದ ಇಷ್ಟೇ: ತಗ್ಗಿದ ಪಿ300ನ್ನು ಬಾಲ್ಯದ ವಿವರಗಳಿಲ್ಲದೆ ಹುಟ್ಟುಗುಣವೆನ್ನಲಾಗದು.

ಒಂದು ಉದಾಹರಣೆ ನೋಡಿ: ಗೋವಾದ ಕೊರ್ತಾಲಿಮ್ ವಿಧಾನಸಭಾ ಕ್ಷೇತ್ರಕ್ಕೆ ಸೇರಿದ ಜುವಾರಿನಗರದಲ್ಲಿ ಉತ್ತರ ಕರ್ನಾಟಕದಿಂದ ದುಡಿಯಲು ಬಂದ ಕುಟುಂಬಗಳು ದಶಕಗಳಿಂದ ನೆಲೆಸಿವೆ. ಅಂಥ ಮನೆಯೊಂದರಲ್ಲಿ ತಂದೆ ಕುಡುಕನಾಗಿದ್ದು, ಮಗನ ಪಿ300 ತಗ್ಗಿದ್ದರೆ ಅದು ವಂಶದ ಬಳುವಳಿಯೇ, ಊರು ಬಿಟ್ಟ ಬದುಕು, ನಿದ್ದೆಗೆಡಿಸುವ ಜಗಳ, ಮುರಿದ ಶಾಲೆಯ ಪರಿಣಾಮವೇ? ಒಂದು ಅಳತೆ ಇದಕ್ಕೆ ಉತ್ತರಿಸದು. ಮಗುವಿಗೆ ‘ಅಪಾಯದ ಕುಡಿ’ ಎಂಬ ಹಣೆಪಟ್ಟಿಯನ್ನಂತೂ ಅಂಟಿಸಿಬಿಡಬಹುದು. ಇದನ್ನು ತಡೆಯುವುದು ಸಂಶೋಧಕರ ಹೊಣೆ. ಕುಡಿತ ಬಿಡಿಸುವ ನೆರವಿಗೆ ಇಂಥ ಸೂಚಕ ಅನಿವಾರ್ಯವೂ ಅಲ್ಲ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ‘ಸಂಗಾತ್’ ಸಂಸ್ಥೆ ನಡೆಸಿ 2017ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತರಬೇತಿ ಪಡೆದ ಸ್ಥಳೀಯ ಆಪ್ತಸಲಹೆಗಾರರ ಮಾತುಕತೆಯಿಂದ ಶೇ. 36ರಷ್ಟು ಗಂಡಸರು ಹಾನಿಕರ ಕುಡಿತದಿಂದ ಹೊರಬಂದರು. ಸಾಮಾನ್ಯ ಚಿಕಿತ್ಸೆಯಷ್ಟೇ ಸಿಕ್ಕವರಲ್ಲಿ ಇದು ಶೇ. 26.

ಎರಡು ಪ್ರಶ್ನೆಗಳು ಉಳಿಯುತ್ತವೆ. ಕುಡಿತವಿಲ್ಲದಿದ್ದರೂ ಅಷ್ಟೇ ಕಷ್ಟದಲ್ಲಿ ಬೆಳೆದ ಮಕ್ಕಳನ್ನು ಜೊತೆಗಿರಿಸಿ ಹಲವು ವರ್ಷ ಗಮನಿಸಿದರೆ ಪಿ300ರ ವ್ಯತ್ಯಾಸ ಉಳಿದೀತೇ? ಬೆಗ್ಲೈಟರ್ ಮತ್ತು ಬೆನೆಗಲ್ ಅಳೆದದ್ದು ಗಂಡುಮಕ್ಕಳನ್ನು. ಅದೇ ಮನೆಗಳ ಹೆಣ್ಣುಮಕ್ಕಳಿಗೂ ಈ ನಿಯಮ ಅನ್ವಯಿಸೀತೇ? ಇವು ಇತ್ಯರ್ಥವಾಗುವವರೆಗೆ ಪಿ300ನ್ನು ಸಂಶೋಧನೆಯ ಸಾಧನವಾಗಿ ಇರಿಸಿಕೊಳ್ಳುವುದು ಯುಕ್ತ, ಮಗುವಿನ ಭವಿಷ್ಯದ ತೀರ್ಪಾಗಿ ಅಲ್ಲ.